ಕರಟದ ಇದ್ದಿಲು, ಯುದ್ಧದ ಗಾಳಿ

1918ರಲ್ಲಿ ಅಮೆರಿಕದ ಜನರಿಗೆ ಸರ್ಕಾರದಿಂದ ವಿಚಿತ್ರವಾದ ಮನವಿಯೊಂದು ಬಂತು. ಪೀಚ್ ಹಣ್ಣು ತಿಂದ ಮೇಲೆ ಗೊರಟನ್ನು ಎಸೆಯಬೇಡಿ, ಒಣಗಿಸಿ ನಮಗೆ ಕೊಡಿ ಎಂದು. ಊರೂರಲ್ಲಿ ಪೀಪಾಯಿಗಳನ್ನಿಟ್ಟರು. ರೆಡ್ ಕ್ರಾಸ್ ಕಾರ್ಯಕರ್ತರು, ಸ್ಕೌಟ್ ಹುಡುಗರು ಮನೆಮನೆ ತಿರುಗಿ ಗೊರಟು ಸಂಗ್ರಹಿಸಿದರು. ಹೆಚ್ಚು ತೆಂಗಿನಕಾಯಿ ತಿನ್ನಿ ಎಂಬ ಪ್ರಚಾರವೂ ನಡೆಯಿತು. ಸುಮಾರು 7 ಪೌಂಡ್, ಅಂದರೆ 3 ಕಿಲೋಗೂ ಮಿಕ್ಕಿದ ಗೊರಟು ಸೇರಿದರೆ ಒಂದು ಮುಖವಾಡಕ್ಕೆ ಬೇಕಾದ ಇದ್ದಿಲು ಸಿಗುತ್ತಿತ್ತು. ಯುರೋಪಿನ ಕಂದಕದಲ್ಲಿ ಕುಳಿತ ಒಬ್ಬ ಸೈನಿಕನ ಉಸಿರು ಆ ಇದ್ದಿಲಿನ ಮೇಲೆ ನಿಂತಿತ್ತು.

ಇಂದು ನಮ್ಮ ಅಡುಗೆಮನೆಯ ನೀರಿನ ಫಿಲ್ಟರಿನೊಳಗೆ ಇರುವ ಕಪ್ಪು ಹರಳುಗಳೂ ಇದೇ ವಸ್ತು. ಅದರ ಹೆಸರು ಸಕ್ರಿಯ ಇಂಗಾಲ. ನಲ್ಲಿ ನೀರಿನ ಕ್ಲೋರಿನ್ ವಾಸನೆಯನ್ನು ತೆಗೆಯಲು ನಾವು ಅದನ್ನು ಬಳಸುತ್ತೇವೆ. ಸೈನಿಕರ ಮುಖವಾಡಕ್ಕೆ ಅದು ಬಂದದ್ದೂ ಕ್ಲೋರಿನ್ನಿನಿಂದಲೇ ಎಂಬುದನ್ನು ನೆನೆದರೆ, ಆ ಫಿಲ್ಟರನ್ನು ನೋಡುವ ಬಗೆ ಬದಲಾಗುತ್ತದೆ.

ಇದ್ದಿಲಿನ ಗುಣ ಯುದ್ಧಕ್ಕಿಂತ ಬಹಳ ಹಿಂದೆಯೇ ಗೊತ್ತಿತ್ತು. ಇದ್ದಿಲು ಅನಿಲಗಳನ್ನು ಹಿಡಿದಿಡುತ್ತದೆ ಎಂದು ಸ್ವೀಡನ್ನಿನ ಕಾರ್ಲ್ ಶೀಲೆ 1773ರಲ್ಲಿ ಗಮನಿಸಿದ. ಅದು ದ್ರಾವಣಗಳ ಬಣ್ಣವನ್ನೂ ತೆಗೆಯುತ್ತದೆ ಎಂದು ಸೇಂಟ್ ಪೀಟರ್ಸ್‌ಬರ್ಗಿನ ಟೋಬಿಯಾಸ್ ಲೋವಿಟ್ಸ್ 1785ರಲ್ಲಿ ಕಂಡುಕೊಂಡ. ಹತ್ತೊಂಬತ್ತನೇ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗಳು ಪ್ರಾಣಿಗಳ ಮೂಳೆಯ ಇದ್ದಿಲಿನಲ್ಲಿ ಸಕ್ಕರೆ ಪಾಕವನ್ನು ಸೋಸಿ ಬಿಳುಪಾಗಿಸಿದವು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಕ್ಕರೆ ಮುಟ್ಟಬಾರದು ಎಂದವರು ಮುಂದಿಟ್ಟ ಕಾರಣಗಳಲ್ಲಿ ಈ ಮೂಳೆಯೂ ಒಂದು. 1854ರಲ್ಲಿ ಜಾನ್ ಸ್ಟೆನ್‌ಹೌಸ್ ಎಂಬ ರಸಾಯನವಿಜ್ಞಾನಿ ಇದ್ದಿಲು ತುಂಬಿದ ಉಸಿರು ಕವಚವನ್ನೂ ಮಾಡಿದ. 1900–1901ರಲ್ಲಿ ರಾಫೇಲ್ ಫಾನ್ ಓಸ್ಟ್ರೆಯ್ಕೊ ಇದ್ದಿಲನ್ನು 'ಸಕ್ರಿಯ'ಗೊಳಿಸುವ ವಿಧಾನಗಳಿಗೆ ಪೇಟೆಂಟ್ ಪಡೆದ.

ಸಕ್ರಿಯಗೊಳಿಸುವುದು ಎಂದರೇನು? ಮೊದಲು ಕರಟವನ್ನೋ ಗೊರಟನ್ನೋ ಕಟ್ಟಿಗೆಯನ್ನೋ ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಬೇಕು. ಆಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮೇಲೆ ಹಬೆ ಹಾಯಿಸಬೇಕು. ಹಬೆ ಇಂಗಾಲವನ್ನು ಒಳಗೊಳಗೇ ಕೊರೆದು ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ರಂಧ್ರಗಳನ್ನು ಮಾಡುತ್ತದೆ. ಹೀಗೆ ಮಾಡಿದ ಒಂದು ಗ್ರಾಂ ಇಂಗಾಲದ ಒಳಮೈಯನ್ನೆಲ್ಲ ಹಾಸಿದರೆ 500ರಿಂದ 1500 ಚದರ ಮೀಟರ್ ಆದೀತು. ವಿಷದ ಅಣುಗಳು ಆ ಗೋಡೆಗಳಿಗೆ ಅಂಟಿಕೊಂಡು ನಿಲ್ಲುತ್ತವೆ. ವಿಜ್ಞಾನದ ಪುಸ್ತಕಗಳು ಇದನ್ನು ಅಧಿಶೋಷಣೆ ಎನ್ನುತ್ತವೆ. ಮೂಲವಸ್ತು ಯಾವುದು ಎಂಬುದರ ಮೇಲೆ ರಂಧ್ರದ ಗಾತ್ರ ನಿಲ್ಲುತ್ತದೆ. ಕಟ್ಟಿಗೆಯ ಇಂಗಾಲದಲ್ಲಿ ದೊಡ್ಡ ರಂಧ್ರಗಳು ಹೆಚ್ಚು, ಬಣ್ಣ ತೆಗೆಯಲು ಅದು ಒಳ್ಳೆಯದು. ಗಟ್ಟಿಯಾದ ಕರಟದಲ್ಲಿ ಅತಿ ಸಣ್ಣ ರಂಧ್ರಗಳೇ ಹೆಚ್ಚು, ಅನಿಲ ಹಿಡಿಯಲು ಅದೇ ವಾಸಿ.

ಈ ವ್ಯತ್ಯಾಸ ಸಾವುಬದುಕಿನ ಪ್ರಶ್ನೆಯಾದದ್ದು 1915ರ ಏಪ್ರಿಲ್ 22ರಂದು. ಬೆಲ್ಜಿಯಂನ ಈಪ್ರ ಊರಿನ ಬಳಿ ಜರ್ಮನ್ ಸೇನೆ 150 ಟನ್ನಿಗೂ ಹೆಚ್ಚು ಕ್ಲೋರಿನ್ನನ್ನು ಗಾಳಿಗೆ ಬಿಟ್ಟಿತು. ನಾಲ್ಕು ದಿನಗಳ ನಂತರ ಅದೇ ಕದನಭೂಮಿಗೆ ಭಾರತೀಯ ಸೈನಿಕರಿದ್ದ ಲಾಹೋರ್ ಡಿವಿಜನ್ ನುಗ್ಗಿತು. ಅಲ್ಲಿ ವಿಷಗಾಳಿಯ ನಡುವೆ ಗಾಯಾಳುಗಳನ್ನು ಹೊತ್ತು ತಂದ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆ ದಿನಗಳಲ್ಲಿ ಸೈನಿಕರಿಗಿದ್ದ ರಕ್ಷಣೆ ಎಂದರೆ ಮೂಗುಬಾಯಿಗೆ ಒತ್ತಿ ಹಿಡಿದ ಒದ್ದೆ ಬಟ್ಟೆ.

ಮುಂದೆ ಎಲ್ಲ ದೇಶಗಳೂ ಇದ್ದಿಲಿನತ್ತ ತಿರುಗಿದವು. ರಷ್ಯಾದಲ್ಲಿ ನಿಕೊಲಾಯ್ ಝೆಲಿನ್‌ಸ್ಕಿ 1915ರಲ್ಲೇ ಇದ್ದಿಲಿನ ಮುಖವಾಡ ರೂಪಿಸಿದ. ಜರ್ಮನಿಯಲ್ಲಿ ವಿಷಾನಿಲದ ದಾಳಿಯನ್ನು ಸಂಘಟಿಸಿದ ಫ್ರಿಟ್ಝ್ ಹಾಬರ್‌ನ ಸಂಸ್ಥೆಯೇ ಅದರಿಂದ ಕಾಪಾಡುವ ಮುಖವಾಡದ ಕೆಲಸವನ್ನೂ ಮಾಡಿತು. ಅಂದರೆ ವಿಷವೂ ಮದ್ದೂ ಒಂದೇ ಸೂರಿನಡಿ. 1918ರ ರಸಾಯನಶಾಸ್ತ್ರದ ನೊಬೆಲ್ ಹಾಬರ್‌ಗೆ ಸಂದಿತು, ಅಮೋನಿಯಾ ತಯಾರಿಕೆಗಾಗಿ.

ನನಗೆ ಹೆಚ್ಚು ಕಾಡುವ ವ್ಯಕ್ತಿ ಮಾತ್ರ ಎಡ್ವರ್ಡ್ ಹ್ಯಾರಿಸನ್. ಆತ ಲಂಡನ್ನಿನ ಔಷಧ ವಿಶ್ಲೇಷಕ. ಯುದ್ಧಕ್ಕೆ ಮೊದಲು, ಪತ್ರಿಕೆಗಳಲ್ಲಿ ಜಾಹೀರಾತಾಗುತ್ತಿದ್ದ 'ರಹಸ್ಯ ಔಷಧಿ'ಗಳೊಳಗೆ ನಿಜಕ್ಕೂ ಏನಿದೆ ಎಂದು ಪರೀಕ್ಷಿಸಿ ಜನರ ಮುಂದಿಡುವ ಕೆಲಸ ಮಾಡಿದವನು. ನಡುವಯಸ್ಸಿನಲ್ಲಿ ಸಾಮಾನ್ಯ ಸೈನಿಕನಾಗಿ ಸೇನೆ ಸೇರಿದ ಅವನನ್ನು ಅನಿಲರಕ್ಷಣೆಯ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಇದ್ದಿಲು ಮತ್ತು ಕ್ಷಾರದ ಹರಳು ತುಂಬಿದ ಡಬ್ಬಿಯಿಂದ ಕೊಳವೆಯ ಮೂಲಕ ಉಸಿರಾಡುವ ಮುಖವಾಡವನ್ನು ಅವನ ತಂಡ ರೂಪಿಸಿತು. 1916ರಿಂದ ಬ್ರಿಟಿಷ್ ಸೈನಿಕರ ಕೈಗೆ ಬಂದ ಅದು ಎಣಿಸಲಾಗದಷ್ಟು ಜೀವ ಉಳಿಸಿತು. ಹ್ಯಾರಿಸನ್ ಮಾತ್ರ 1918ರ ನವೆಂಬರ್ 4ರಂದು ನ್ಯುಮೋನಿಯಾದಿಂದ ತೀರಿಕೊಂಡ. ಯುದ್ಧ ನಿಲ್ಲಲು ಒಂದೇ ವಾರ ಉಳಿದಿತ್ತು. ಲಕ್ಷಾಂತರ ಜನರ ಶ್ವಾಸಕೋಶ ಕಾಯ್ದವನು ಕೊನೆಗೆ ಸೋತದ್ದು ತನ್ನ ಶ್ವಾಸಕೋಶಕ್ಕೆ.

ಯುದ್ಧ ಮುಗಿದ ಮೇಲೆ ಈ ಜ್ಞಾನ ನಾಗರಿಕ ಬದುಕಿಗೆ ಇಳಿಯಿತು. 1930ರ ಹೊತ್ತಿಗೆ ನ್ಯೂಜೆರ್ಸಿಯ ನೀರು ಸರಬರಾಜು ಘಟಕವೊಂದು ರುಚಿ, ವಾಸನೆ ತೆಗೆಯಲು ಇಂಗಾಲದ ಪುಡಿಯನ್ನು ನೀರಿಗೆ ಬೆರೆಸತೊಡಗಿತ್ತು. ಇಂದು ಭಾರತದ, ಶ್ರೀಲಂಕಾದ, ಫಿಲಿಪ್ಪೀನ್ಸಿನ ಕರಟ ಜಗತ್ತಿನ ಫಿಲ್ಟರುಗಳನ್ನು ತುಂಬುತ್ತಿದೆ. ತಿಪಟೂರಿನ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವೂ ಈಗ ಬರಿಯ ಒಲೆಯ ಉರುವಲಲ್ಲ, ಕಚ್ಚಾವಸ್ತು.

ಆದರೆ ಎರಡು ಮಾತು ಮರೆಯಬಾರದು. ಒಂದು, ತೆರೆದ ಗುಂಡಿಯಲ್ಲಿ ಕರಟ ಸುಟ್ಟು ಇದ್ದಿಲು ಮಾಡುವ ಕಡೆ ದಟ್ಟ ಹೊಗೆ ಏಳುತ್ತದೆ. ದೂರದ ಊರಿನ ನೀರು, ಗಾಳಿಯನ್ನು ಶುದ್ಧ ಮಾಡುವ ವಸ್ತುವಿಗಾಗಿ ಅಲ್ಲಿನ ಕೂಲಿಕಾರರು ಹೊಗೆ ಕುಡಿಯುತ್ತಾರೆ. ಎರಡು, ಇಂಗಾಲ ಬಹುಪಾಲು ಮಾಲಿನ್ಯವನ್ನು ನಾಶ ಮಾಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ರಂಧ್ರಗಳು ತುಂಬಿದ ಮೇಲೆ ಅದು ಕೆಲಸಕ್ಕೆ ಬಾರದು. ಮುಖವಾಡದ ಡಬ್ಬಿಯನ್ನು ಬದಲಿಸದ ಸೈನಿಕ ಸಾಯುತ್ತಿದ್ದ. ನಾವು ಫಿಲ್ಟರಿನ ಡಬ್ಬಿಯನ್ನು ಬದಲಿಸಿ, ಹಳೆಯದನ್ನು ಕಸಕ್ಕೆಸೆದು, ಹಿಡಿದಿಟ್ಟ ಮಾಲಿನ್ಯ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ.