ಯಕೃತ್ತಿನ ಅಡ್ಡದಾರಿ ರಕ್ತನಾಳಗಳು ಮತ್ತು ಸಿ.ಟಿ. ಸ್ಕ್ಯಾನ್
ಕರುಳು, ಗುಲ್ಮಗಳ ರಕ್ತವು ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರಿ ಶುದ್ಧಗೊಳ್ಳುತ್ತದೆ. ಸಿರೋಸಿಸ್ ರೋಗದಲ್ಲಿ ಯಕೃತ್ತು ನಾರುಗಟ್ಟಿ ಗಡುಸಾಗುವುದರಿಂದ ಹರಿವಿಗೆ ತಡೆಯುಂಟಾಗಿ, ಆ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ಆಗ ರಕ್ತವು ಯಕೃತ್ತನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ವೈದ್ಯರು ಇದನ್ನು ಷಂಟ್ ಎನ್ನುತ್ತಾರೆ.

ಇಂತಹ ದಾರಿಗಳು ಅನ್ನನಾಳದ ಕೆಳತುದಿಯಲ್ಲಿ, ಹೊಕ್ಕುಳಿನ ಸುತ್ತ, ಗುಲ್ಮ ಮತ್ತು ಎಡ ಮೂತ್ರಪಿಂಡದ ನಡುವೆ ಮೂಡಬಹುದು. ಇವುಗಳಿಂದ ಅಪಾಯ ಎರಡು ಬಗೆ. ಅನ್ನನಾಳದಲ್ಲಿ ಉಬ್ಬಿದ ನಾಳ ಒಡೆದರೆ ರಕ್ತವಾಂತಿಯಾಗುತ್ತದೆ. ಶುದ್ಧಗೊಳ್ಳದ ರಕ್ತದ ಅಮೋನಿಯಾ ಮಿದುಳನ್ನು ತಲುಪಿದರೆ ಹಗಲುನಿದ್ದೆ, ಕೈನಡುಕ, ಗೊಂದಲದ ಮಾತು ಕಾಣಿಸಿಕೊಳ್ಳುತ್ತವೆ. ಹಿರಿಯರಲ್ಲಿ ಇದನ್ನು ಅರಳುಮರಳೆಂದು ಕಡೆಗಣಿಸುವುದುಂಟು.

ಎಂಡೋಸ್ಕೋಪಿಯು ಅನ್ನನಾಳ, ಜಠರಗಳ ಒಳಗೋಡೆಯನ್ನು ಮಾತ್ರ ತೋರಿಸುತ್ತದೆ. ಸಿ.ಟಿ. ಪರೀಕ್ಷೆಯಲ್ಲಿ ಅಯೋಡಿನ್‌ಯುಕ್ತ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು 60ರಿಂದ 70 ಸೆಕೆಂಡುಗಳ ತರುವಾಯ ಚಿತ್ರ ತೆಗೆಯುತ್ತಾರೆ. ಹೊಟ್ಟೆಯ ಆಳದಲ್ಲಿರುವ ಷಂಟ್ ಎಲ್ಲಿ ಹುಟ್ಟಿ, ಎಷ್ಟು ದಪ್ಪವಾಗಿ, ಯಾವ ನಾಳವನ್ನು ಕೂಡುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ.

ಔಷಧಿಗೆ ಬಗ್ಗದೆ ಗೊಂದಲ ಮರುಕಳಿಸುತ್ತಿದ್ದರೆ, ಕೆಲವರಲ್ಲಿ ದೊಡ್ಡ ಷಂಟನ್ನು ಮುಚ್ಚುವ ಚಿಕಿತ್ಸೆಯಿದೆ. ಆದರೆ ಅಡ್ಡದಾರಿ ಮುಚ್ಚಿದೊಡನೆ ಪೋರ್ಟಲ್ ಒತ್ತಡ ಮತ್ತೆ ಏರಬಹುದಾದ ಕಾರಣ, ಯಕೃತ್ತಿನ ಉಳಿದ ಶಕ್ತಿಯನ್ನು ಅಳೆದೇ ವೈದ್ಯರು ನಿರ್ಧರಿಸುತ್ತಾರೆ.

ಮೂತ್ರಪಿಂಡದ ದೋಷ ಅಥವಾ ಹಿಂದೆ ಇಂಥ ದ್ರವದಿಂದ ಅಲರ್ಜಿಯಾಗಿದ್ದರೆ ಪರೀಕ್ಷೆಗೆ ಮುನ್ನ ತಿಳಿಸತಕ್ಕದ್ದು. ಸಿರೋಸಿಸ್ ಇರುವವರ ಮಾತು, ನಿದ್ದೆ, ನಡವಳಿಕೆ ಬದಲಾದರೆ ಮನೆಯವರು ತಡಮಾಡದೆ ವೈದ್ಯರನ್ನು ಕಾಣುವುದು ಅವಶ್ಯ.