ಜಂತಿಯ ಮೇಲಿನ ಅರಳೆ

ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿಗಳನ್ನು ಒಳಗೊಂಡಿದ್ದ ಹಳೆಯ ಧಾರವಾಡ ಜಿಲ್ಲೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರು ಸೇರುತ್ತಿದ್ದ ಕಾಲದಲ್ಲಿ, ಅರಳೆಯಿಂದ ಕಾಳು ಬೇರ್ಪಡಿಸುವುದು ಹೆಂಗಸರ ಕೆಲಸವಾಗಿತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿದರೆ ಕಾಳು ಮುಂದಕ್ಕೆ ಸಿಡಿದು ಅರಳೆ ಹಿಂದುಳಿಯುತ್ತಿತ್ತು. ಎದ್ದ ಧೂಳನ್ನು ಗಾಳಿ ಒಯ್ಯುತ್ತಿತ್ತು.

1840ರ ದಶಕದಲ್ಲಿ ಬೇರೂರತೊಡಗಿದ ಅಮೆರಿಕನ್ ತಳಿಯ ಎಳೆ ಕಾಳಿಗೆ ಬಲವಾಗಿ ಅಂಟಿಕೊಂಡಿರುವುದರಿಂದ ಸಲಾಕೆಗೆ ಬಗ್ಗದೆ, ಹಲ್ಲಿನ ಬಿಲ್ಲೆಗಳಿಂದ ಎಳೆ ಕೀಳುವ ಗರಗಸದ ಜಿನ್ನು ಬೇಕಾಯಿತು. ಮುಂದೆ ಕೆಲಸ ಉಗಿಯಂತ್ರದ ಸೂರಿನಡಿ ಸೇರಿದಾಗ ಧೂಳಿಗೆ ಹೋಗಲು ದಾರಿಯಿಲ್ಲದಾಯಿತು. ಹಾರಿದ ನಾರು ಜಂತಿ, ಪಟ್ಟೆ, ಬೇರಿಂಗುಗಳ ಮೇಲೆ ಬೂದಿಯಂತೆ ಕೂರುತ್ತದೆ. ಹತ್ತಿಯೊಡನೆ ಬಂದ ಒಂದು ಮೊಳೆ ಅಥವಾ ಹರಳು ಬಿಲ್ಲೆಗೆ ತಗಲಿ ಕಿಡಿಯೆದ್ದರೆ ಜ್ವಾಲೆ ಆ ಪದರದ ಮೇಲೆ ಕ್ಷಣದಲ್ಲಿ ಹರಿಯುತ್ತದೆ. ಕಿಡಿ ಅರಳೆಯೊಡನೆ ಅಂಡಿಗೆ ಕಟ್ಟುವ ಪ್ರೆಸ್ಸಿಗೆ ಹೋದರಂತೂ ಬಿಗಿದ ಅಂಡಿಗೆಯ ಒಡಲಲ್ಲಿ ಹೊಗೆ ಕಾಣಿಸದೆ ದಿನಗಟ್ಟಲೆ ಕನಲುತ್ತಿರುತ್ತದೆ.

ನಾರಿಗಿಂತ ಹಿಟ್ಟಿನಂಥ ನುಣ್ಣನೆಯ ಧೂಳು ಘೋರ. ಮುಚ್ಚಿದ ಜಾಗದಲ್ಲಿ ಅದು ಗಾಳಿಯೊಡನೆ ಬೆರೆತು ಕಿಡಿ ಕಂಡರೆ ಉರಿಯುವುದಲ್ಲ, ಸಿಡಿಯುತ್ತದೆ. ಮೊದಲ ಸಿಡಿತ ಜಂತಿಯ ಧೂಳನ್ನು ಕೊಡವಿ ಎರಡನೆಯದಕ್ಕೆ ಉರುವಲು ಒದಗಿಸುತ್ತದೆ, ಕಟ್ಟಡವನ್ನು ಕೆಡವುವುದು ಬಹುಮಟ್ಟಿಗೆ ಆ ಎರಡನೆಯದೇ. 1785ರಲ್ಲಿ ಇಟಲಿಯ ಟ್ಯೂರಿನ್‌ನ ಬೇಕರಿಯೊಂದರ ಹಿಟ್ಟು ದೀಪಕ್ಕೆ ತಗಲಿ ಸಿಡಿದಾಗಲೇ ಧೂಳಿನ ಈ ಗುಣ ದಾಖಲಾಗಿತ್ತು; 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಹಿಟ್ಟಿನ ಗಿರಣಿ ಸಿಡಿದು 18 ಕಾರ್ಮಿಕರು ಸತ್ತರು.

ಆಗ ಧಾರವಾಡವನ್ನು ಆಳುತ್ತಿದ್ದ ಮುಂಬಯಿ ಸರ್ಕಾರದ ಲಕ್ಷ್ಯ ಮಾತ್ರ ಬೇರೆ ಧೂಳಿನ ಮೇಲಿತ್ತು. ಅಮೆರಿಕದ ಅಂತರ್ಯುದ್ಧದಿಂದ ಬೆಲೆ ಏರಿ, ಅಂಡಿಗೆಯಲ್ಲಿ ಮಣ್ಣು ಬೆರೆಸುವ ಮೋಸ ಹೆಚ್ಚಿದಾಗ 1863ರಲ್ಲೇ ಹತ್ತಿ ವಂಚನೆ ತಡೆ ಕಾಯಿದೆ ಬಂತು. ಭಾರತ ಸರ್ಕಾರದ 1925ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾಯಿದೆಯೂ ಮುಖ್ಯವಾಗಿ ಕಲಬೆರಕೆಯ ವಿರುದ್ಧವೇ ಇತ್ತು. ಕೊಳ್ಳುವವನ ಅಂಡಿಗೆಗೆ ಸಿಕ್ಕ ಈ ಕಾವಲು ಜಿನ್ನಿನ ಮುಂದೆ ನಿಂತವರಿಗೆ ಅಷ್ಟು ಬೇಗ ಸಿಗಲಿಲ್ಲವೆಂಬುದು ಗಮನಾರ್ಹ. ಸ್ಫೋಟಕ ಧೂಳೇಳುವ ಯಂತ್ರವನ್ನು ಮುಚ್ಚಬೇಕು, ಧೂಳು ಕೂಡದಂತೆ ತೆಗೆಯಬೇಕು, ಕಿಡಿಯ ಮೂಲಗಳನ್ನು ದೂರವಿಡಬೇಕು ಎಂದದ್ದು 1948ರ ಕಾರ್ಖಾನೆ ಕಾಯಿದೆಯ 37ನೆಯ ಕಲಮು.

ಇಂದು ಹಿರೇಕೆರೂರಿನ ಹೊಲಗಳಲ್ಲಿ ಗೋವಿನಜೋಳ ಹೆಚ್ಚು. ಬಯಲಿನಲ್ಲಿ ತೆನೆ ಒಕ್ಕುವಾಗ ಧೂಳು, ಹಿಂದಿನ ಕಲ್ಲು-ಸಲಾಕೆಯ ಕಾಲದಂತೆ, ಗಾಳಿಪಾಲಾಗುತ್ತದೆ. ಅದೇ ಕಾಳು ದೊಡ್ಡ ಗೋದಾಮಿನ ಮುಚ್ಚಿದ ಎಲಿವೇಟರನ್ನು, ಎಂದರೆ ಬಕೆಟ್ಟುಗಳಲ್ಲಿ ಕಾಳನ್ನು ಮೇಲೆತ್ತುವ ಗೂಡನ್ನು, ಹೊಕ್ಕಾಗ ಧೂಳೂ ಜೊತೆಗೇ ಒಳಗೆ ಹೋಗುತ್ತದೆ.