ಘಟಪ್ರಭೆಯ ಬಲ, ಕೊಣ್ಣೂರಿನ ಕೈ: ಗೋಕಾಕ ಮಿಲ್ಲಿನ ನೆನಪು

ಗೋಕಾಕದ ಬಳಿ ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ಜಲಪಾತದ ದಂಡೆಯ ಮಿಲ್ಲಿನಲ್ಲಿ ನೂಲು ಬರತೊಡಗಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಅದಕ್ಕೂ 15 ವರ್ಷ ಮೊದಲೇ ನಮ್ಮ ನದಿ ಒಂದು ದೊಡ್ಡ ಕಾರಖಾನೆಯನ್ನು ನಡೆಸುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಧೂಪದಾಳದ ಒಡ್ಡಿನ ನೀರು ಕಾಲುವೆಗೂ ಮಿಲ್ಲಿಗೂ ಆಸರೆಯಾಯಿತು.

ಜಲಪಾತದ ನೆರೆಯ ಕೊಣ್ಣೂರಿಗೆ ಮಿಲ್ಲು ಬರಿಯ ಕಾರಖಾನೆಯಾಗಿರಲಿಲ್ಲ. ಹೊಲ ಮಳೆಗಾಗಿ ಕಾಯುತ್ತಿತ್ತು, ಮಿಲ್ಲಿನ ಪಗಾರ ತಿಂಗಳಿಗೊಮ್ಮೆ ಬರುತ್ತಿತ್ತು. ಮಕ್ಕಳ ಶಾಲೆ, ಹೆಣ್ಣುಮಕ್ಕಳ ಮದುವೆ, ಮನೆಯ ಗೋಡೆ ಎಲ್ಲವೂ ಆ ಪಗಾರದ ಮೇಲೆ ನಿಂತವು. ತಂದೆಯ ಹಿಂದೆ ಮಗ ಕೆಲಸಕ್ಕೆ ಸೇರಿದ ಮನೆಗಳು ಇಲ್ಲಿ ಹಲವು. ಪಾಳಿ ಬದಲಾಗುವ ಹೊತ್ತಿಗೆ ಊರಿನ ಊಟ, ನಿದ್ದೆಯ ಹೊತ್ತೂ ಬದಲಾಗುತ್ತಿತ್ತು.

ಆ ದುಡಿಮೆ ಸುಲಭದ್ದಾಗಿರಲಿಲ್ಲ. ಗಂಟು ಬಿಚ್ಚಿದ ಹತ್ತಿಯ ಕಸ ತೆಗೆದು, ಕಾರ್ಡಿಂಗ್ ಯಂತ್ರದಲ್ಲಿ ಹಿಂಜಿ, ಎಳೆ ಎಳೆದು, ಹುರಿಗೊಳಿಸಿ ಬಾಬಿನ್‌ಗೆ ಸುತ್ತಬೇಕು. ಓಡುವ ಯಂತ್ರದಲ್ಲಿ ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು ಜೋಡಿಸುವ ಕೈಚಳಕ ವರುಷಗಳ ಅಭ್ಯಾಸದಿಂದ ಮಾತ್ರ ಬರುತ್ತದೆ. ಯಂತ್ರದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಕೈಸನ್ನೆಯೇ ಮಾತು. ಅರಳೆಯ ಧೂಳು ಎದೆಗಿಳಿಯುತ್ತಿತ್ತು. ದೇಶದ ಮಾರುಕಟ್ಟೆಗೆ ಹೋದ ನೂಲಿನ ಹಿಂದೆ ಈ ಕೈಗಳೂ ಈ ಎದೆಗಳೂ ಇದ್ದವು.

ಇಂದು ಪ್ರವಾಸಿಗರು ಜಲಪಾತ ನೋಡಿ ಮರಳುತ್ತಾರೆ. ಕಂಪನಿಯ ಹೆಸರು, ಇಸವಿಗಳು ದಾಖಲೆಗಳಲ್ಲಿ ಉಳಿದಿವೆ, ದುಡಿದವರ ಹೆಸರು ಮನೆಮಂದಿಯ ನೆನಪಿನಲ್ಲಷ್ಟೇ ಇದೆ. ಮಿಲ್ಲನ್ನು ಕಟ್ಟಿದ್ದು ಬಂಡವಾಳ, ನಡೆಸಿದ್ದು ನೀರು. ಆದರೆ ಅದಕ್ಕೆ ಜೀವ ಕೊಟ್ಟವರು ಕೊಣ್ಣೂರ, ಗೋಕಾಕ ಮತ್ತು ಸುತ್ತಲಿನ ಹಳ್ಳಿಗಳ ಕಾರ್ಮಿಕರು. ಅವರನ್ನು ಬಿಟ್ಟು ಬರೆದ ಇತಿಹಾಸ ಅರ್ಧವೇ ಸರಿ.

ಹಳೆಯ ಗುರುತಿನ ಚೀಟಿ, ಪಗಾರ ಚೀಟಿ, ಗುಂಪಿನ ಫೋಟೋ ಯಾರ ಮನೆಯಲ್ಲಿದ್ದರೂ ಎಸೆಯಬೇಡಿ. ನಿವೃತ್ತರಾದ ಹಿರಿಯರ ಮಾತನ್ನು ಈಗಲೇ ಧ್ವನಿಮುದ್ರಿಸಿಕೊಳ್ಳಿ. ನಮ್ಮ ಶಾಲೆಗಳು, ಗ್ರಂಥಾಲಯಗಳು ಅವನ್ನು ಕೂಡಿಡುವ ಹೊಣೆ ಹೊರಲಿ.